ಜಪಾನಿನ ಸೌಟು ನೋಡಲು ಹಾಲೆಂಡಿಗೆ ಯಾಕೆ ಹೋಗಬೇಕು?

ಜಪಾನಿನ ಹಳೆಯ ಮನೆಬಳಕೆ ವಸ್ತುಗಳ ಬಗ್ಗೆ ಓದುತ್ತೇನೆ ಅಂದ ತಕ್ಷಣ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: "ಹಾಗಾದ್ರೆ ಜಪಾನಿನಲ್ಲೇ ಓದಬಹುದಲ್ವಾ? ಹಾಲೆಂಡು, ಅಮೆರಿಕದ ಮ್ಯೂಸಿಯಂಗಳಲ್ಲಿ ಏನು ಕೆಲಸ?"

ದಿನಾ ಬಳಸುವ ವಸ್ತುವನ್ನು ಯಾರೂ ಜೋಪಾನ ಮಾಡುವುದಿಲ್ಲ. ಜಪಾನಿನಲ್ಲೂ ಹಾಗೇ ಆಯಿತು. ಕತ್ತಿ, ರೇಷ್ಮೆ ಕಿಮೋನೋ ತಲೆಮಾರುಗಳನ್ನು ದಾಟಿ ಬಂದವು. ಹುಲ್ಲಿನ ಚಪ್ಪಲಿ ಸವೆಯಿತು, ಬಿಸಾಡಿದರು. ಅಂಥದ್ದನ್ನೂ ಎತ್ತಿಟ್ಟವರು ಎಷ್ಟೋ ಸಲ ಹೊರಗಿನಿಂದ ಬಂದವರು.

ಅಮೆರಿಕದ ಎಡ್ವರ್ಡ್ ಮೋರ್ಸ್ ಪ್ರಾಣಿಶಾಸ್ತ್ರಜ್ಞರು. 1877ರಲ್ಲಿ ಅವರು ಜಪಾನಿಗೆ ಹೋಗಿದ್ದು ಸಮುದ್ರದ ಚಿಪ್ಪುಜೀವಿಗಳನ್ನು ಹುಡುಕಿಕೊಂಡು. ಆದರೆ ಮಾದರಿ ಸಂಗ್ರಹಿಸುವ ಆ ಅಭ್ಯಾಸ ಜನರ ಬದುಕಿನ ಕಡೆಗೂ ತಿರುಗಿತು. ಅಂಗಡಿಯ ಬೋರ್ಡು, ಮರದ ಗೆತಾ ಚಪ್ಪಲಿ, ಅಡುಗೆಮನೆಯ ಸಾಮಾನು, ಕೊನೆಗೆ ಜಾಡಿಯಲ್ಲಿ ಕೊಂಪೆಯ್ತೋ ಎಂಬ ಸಕ್ಕರೆ ಮಿಠಾಯಿಯನ್ನೂ ಇಟ್ಟುಕೊಂಡರು. ಅವೆಲ್ಲ ಈಗ ಅಮೆರಿಕದ ಸೇಲಂ ಊರಿನ ಪೀಬಡಿ ಎಸೆಕ್ಸ್ ಮ್ಯೂಸಿಯಂನಲ್ಲಿವೆ. 2013ರಲ್ಲಿ ಅವುಗಳಲ್ಲಿ ಕೆಲವು ತೋಕಿಯೋದ ಎದೋ-ತೋಕಿಯೋ ಮ್ಯೂಸಿಯಂನ ಪ್ರದರ್ಶನಕ್ಕೆ ಬಂದವು. ತಮ್ಮ ಮುತ್ತಜ್ಜಿಯರ ಕಾಲದ ಸಾಮಾನು ನೋಡಲು ಜಪಾನೀಯರಿಗೇ ಅಮೆರಿಕದಿಂದ ತರಿಸಬೇಕಾಯಿತು! ಜಪಾನಿನಲ್ಲಿ ಶಿಬುಸಾವಾ ಕೇಯ್ಜೋ ತಮ್ಮ ಆಟಿಕ್ ಮ್ಯೂಸಿಯಂ ಶುರು ಮಾಡಿದ್ದು 1921ರಲ್ಲಿ. ಇಂಥ ವಸ್ತುಗಳಿಗೆ 'ಮಿಂಗು' ಅಂತ ಹೆಸರಿಟ್ಟು ಸಂಗ್ರಹಿಸಿದವರು ಅವರೇ. ಅಷ್ಟರೊಳಗೆ ಎಷ್ಟೋ ವಸ್ತುಗಳು ಮನೆಗಳಿಂದ ಮಾಯವಾಗಿದ್ದವು.

ನನಗೆ ಇನ್ನೂ ಇಷ್ಟವಾದದ್ದು ಹಾಲೆಂಡಿನ ಲೈಡನ್ ಊರಿನಲ್ಲಿರುವ ಸೀಬೋಲ್ಡ್ ಸಂಗ್ರಹ. ಜರ್ಮನ್ ವೈದ್ಯ ಸೀಬೋಲ್ಡ್ 1823ರಲ್ಲಿ ಡಚ್ ವ್ಯಾಪಾರಿಗಳನ್ನು ಇರಿಸಿದ್ದ ನಾಗಾಸಾಕಿಯ ದೆಜಿಮಾ ದ್ವೀಪಕ್ಕೆ ಅವರ ವೈದ್ಯರಾಗಿ ಬಂದರು. ಹೊರಗೆ ಕೊಡಬಾರದ ನಕ್ಷೆಗಳನ್ನು ಪಡೆದಿದ್ದಕ್ಕೆ ಅವರನ್ನು 1829ರಲ್ಲಿ ದೇಶದಿಂದ ಹೊರಹಾಕಿದರು. ನಮಗೆ ಇದರಿಂದ ದೊಡ್ಡ ಉಪಕಾರವಾಗಿದೆ. ಆ ಸಲ ಅವರು ತಂದದ್ದೆಲ್ಲ 1829ಕ್ಕಿಂತ ಮುಂಚಿನದ್ದೇ. ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಸೌಟಿಗೆ ಸುಮ್ನೆ 'ಎದೋ ಕಾಲದ್ದು', ಅಂದರೆ 1603ರಿಂದ 1868ರೊಳಗಿನದ್ದು ಅನ್ನಬಹುದು, ಅಷ್ಟೇ. ಲೈಡನ್ನಿನ ಸೌಟಿಗೆ ಒಂದು ಗಡುವಿದೆ. ಜೊತೆಗೆ ಕವಾಹಾರಾ ಕೇಯ್ಗಾ ಎಂಬ ನಾಗಾಸಾಕಿಯ ಚಿತ್ರಗಾರರು ಸೀಬೋಲ್ಡ್‌ಗಾಗಿ ಬರೆದ ಚಿತ್ರಗಳಿವೆ. ಹುಟ್ಟು, ಮದುವೆ, ಸಾವು, ಕಸುಬು, ಹಬ್ಬ, ಎಲ್ಲವೂ ಅವುಗಳಲ್ಲಿವೆ. ವಸ್ತುವನ್ನು ಕಪಾಟಿನಲ್ಲಿ ನೋಡಿ, ಅದನ್ನು ಕೈಯಲ್ಲಿ ಹೇಗೆ ಹಿಡಿಯುತ್ತಿದ್ದರು ಅಂತ ಚಿತ್ರದಲ್ಲಿ ಹುಡುಕಬಹುದು. ಇಂಥ ಜೋಡಿ ಸಿಗುವುದು ಅಪರೂಪ.

ಹಾಗಂತ ಆ ಸಂಗ್ರಹವೇ ಜಪಾನ್ ಅಲ್ಲ. ದೆಜಿಮಾದಲ್ಲಿದ್ದವರಿಗೆ ಓಡಾಡುವ ಸ್ವಾತಂತ್ರ್ಯ ತುಂಬಾ ಕಡಿಮೆ. ಆ ವರ್ಷಗಳಲ್ಲಿ ಸೀಬೋಲ್ಡ್ ಎದೋಗೆ (ಈಗಿನ ತೋಕಿಯೋಗೆ) ಹೋಗಿದ್ದು ಒಂದೇ ಸಲ, 1826ರಲ್ಲಿ. ರೋಗಿಗಳು, ಶಿಷ್ಯರು ಏನು ಕೊಟ್ಟರೋ ಅದು ಸೇರಿತು. ಮನೆ, ಉಪಕರಣಗಳ ಪುಟ್ಟ ಮಾದರಿಗಳನ್ನು ಹೇಳಿ ಮಾಡಿಸಿದ್ದೂ ಉಂಟು. ಅದಕ್ಕೇ ಯಾವುದೇ ವಸ್ತು ಸಿಕ್ಕರೂ ಮೊದಲು ಸವೆತ ಹುಡುಕಬೇಕು. ಹಿಡಿಯಲ್ಲಿ ಬೆರಳ ಗುರುತಿಲ್ಲ, ತಳ ಸುಟ್ಟಿಲ್ಲ ಅಂದರೆ ಅದು ಯಾವ ಅಡುಗೆಮನೆಯನ್ನೂ ಕಂಡಿಲ್ಲದೇ ಇರಬಹುದು. ಆಮೇಲೆ ಚೀಟಿ. ಹಳೆ ನಂಬರಿನ ಮೇಲೆ ಹೊಸ ನಂಬರು, ಪಕ್ಕದಲ್ಲಿ ಡಚ್ ಟಿಪ್ಪಣಿ, ಕೆಲವೊಮ್ಮೆ ಜಪಾನಿನ ಕುಜುಶಿಜಿ ಎಂಬ ಕೂಡುಬರಹ. ಈಗಿನ ಹೆಚ್ಚಿನ ಜಪಾನೀಯರಿಗೂ ಅದನ್ನು ಓದಲು ಬರುವುದಿಲ್ಲ. ಕೈಗವಸು ಮಾತ್ರ ಮರೆಯಬಾರದು. ಹುಳ ಹಿಡಿಯದಿರಲಿ ಅಂತ ಹಿಂದೆ ಇಂಥ ಸಂಗ್ರಹಗಳಿಗೆ ಆರ್ಸೆನಿಕ್ ವಿಷ ಹಚ್ಚುತ್ತಿದ್ದರು.

"ಹಾಗಾದ್ರೆ ಎಲ್ಲಾ ವಾಪಸ್ ಕೊಡಬೇಕಲ್ವಾ?" ಅನ್ನೋದು ಮುಂದಿನ ಪ್ರಶ್ನೆ. ಎಲ್ಲದಕ್ಕೂ ಒಂದೇ ಉತ್ತರ ಸಲ್ಲದು. ಮೋರ್ಸ್ ಸಂಗ್ರಹದ ಮಿಠಾಯಿ ಜಾಡಿಯನ್ನು ಯಾರೂ ವಾಪಸ್ ಕೇಳಬೇಕಿಲ್ಲ. ಜಪಾನಿನ ಉತ್ತರದ ಮೂಲನಿವಾಸಿಗಳಾದ ಐನು ಜನರ ವಿಷಯ ಬೇರೆ. 1879ರಲ್ಲಿ ಜರ್ಮನ್ ಪ್ರವಾಸಿಯೊಬ್ಬ ಸಪ್ಪೋರೋದ ಸಮಾಧಿಯಿಂದ ಐನು ವ್ಯಕ್ತಿಯ ತಲೆಬುರುಡೆಯನ್ನು ಕದ್ದು ಬರ್ಲಿನ್‌ಗೆ ಕಳಿಸಿದ್ದ. ಅದು ಐನು ಜನರಿಗೆ ವಾಪಸ್ ಸಿಕ್ಕಿದ್ದು 2017ರಲ್ಲಿ. ಅಷ್ಟು ತಡವಾಗಬಾರದಿತ್ತು. ಸೇಂಟ್ ಪೀಟರ್ಸ್‌ಬರ್ಗ್, ಎಡಿನ್‌ಬರೋ, ವಾಷಿಂಗ್ಟನ್‌ಗಳಲ್ಲೂ ಐನು ವಸ್ತುಗಳಿವೆ. ಮರದ ನಾರಿನಿಂದ ನೇಯ್ದ ಅತ್ತುಶ್ ಬಟ್ಟೆ, ದೇವರಿಗೆ ಮದ್ಯ ಅರ್ಪಿಸುವಾಗ ಹಿಡಿಯುವ ಕೆತ್ತನೆಯ ಕಡ್ಡಿ ಇಂಥವು. ಅವನ್ನು ಯಾರು ಮುಟ್ಟಬೇಕು, ಎಲ್ಲಿಡಬೇಕು ಅನ್ನುವುದನ್ನು ಮೊದಲು ಐನು ಜನರನ್ನೇ ಕೇಳಬೇಕು, ನನ್ನಂಥ ಓದುಗರನ್ನಲ್ಲ.

ಲೈಡನ್‌ಗೆ ಹೋದರೆ ರಾಪೆನ್‌ಬರ್ಗ್ ಕಾಲುವೆಯ ದಂಡೆಯಲ್ಲಿ ಸೀಬೋಲ್ಡ್ ಇದ್ದ ಮನೆಯೂ ಈಗ ಮ್ಯೂಸಿಯಂ ಆಗಿದೆ, ನೋಡಿ. ಹೋಗಲಾಗದವರು ಲೈಡನ್ನಿನ ವೆರೆಲ್ಡ್‌ಮ್ಯೂಸಿಯಂನ ವಸ್ತುಗಳನ್ನು ಆನ್‌ಲೈನ್‌ನಲ್ಲೇ ಹುಡುಕಬಹುದು. ಕತ್ತಿಗಳನ್ನು ಬಿಟ್ಟು ಅಡುಗೆಮನೆಯಿಂದ ಶುರುಮಾಡಿ.