ಪಾತ್ರೆ ಸ್ಟ್ಯಾಂಡಿನಲ್ಲಿ ಜಿಮ್ ರೀವ್ಸ್

ಸುಂಟಿಕೊಪ್ಪ, 31 ಜುಲೈ 2025, ಗುರುವಾರ

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಹಿಡಿದರೆ ಬಿಡುವ ಜಾತಿಯದಲ್ಲ. ನಾಲ್ಕು ದಿನಗಳಿಂದ ತೋಟಕ್ಕೆ ಕಾಲಿಡಲಾಗಿಲ್ಲ; ಕರೆಂಟು ಬಂದರೆ ಬಂತು, ಹೋದರೆ ಹೋಯಿತು ಎನ್ನುವ ಸ್ಥಿತಿ. ಇಂಥ ದಿನಕ್ಕೆಂದೇ ಎತ್ತಿಟ್ಟಿದ್ದ ಕೆಲಸವೊಂದಿತ್ತು. ಅಟ್ಟದ ಟ್ರಂಕಿನಲ್ಲಿರುವ ಅಪ್ಪನ ಗ್ರಾಮಫೋನ್ ಪ್ಲೇಟುಗಳಿಗೆ ಹಿಡಿದ ಬೂಷ್ಟನ್ನು ತೊಳೆಯಬೇಕಿತ್ತು. ಅದಕ್ಕೆ ಇವತ್ತಿನ ತಾರೀಕನ್ನೇ ಆರಿಸಿಕೊಂಡದ್ದಕ್ಕೂ ಕಾರಣವಿದೆ. 1964ರ ಜುಲೈ 31ರಂದು ಅಮೆರಿಕದ ನ್ಯಾಶ್‌ವಿಲ್ ಹತ್ತಿರ ಸಣ್ಣ ವಿಮಾನವೊಂದು ಗುಡುಗುಮಳೆಗೆ ಸಿಕ್ಕಿ ಕಾಡಿನ ನಡುವೆ ಬಿತ್ತು. ಅದನ್ನು ನಡೆಸುತ್ತಿದ್ದವನು ಗಾಯಕ ಜಿಮ್ ರೀವ್ಸ್. ಆಗ ಅವನಿಗೆ ನಲವತ್ತು ವರ್ಷ. ಹುಡುಕಿದವರಿಗೆ ಅವಶೇಷ ಸಿಕ್ಕಿದ್ದು ಎರಡು ದಿನದ ಮೇಲೆ. ಅಪ್ಪ ಬದುಕಿದ್ದಷ್ಟು ಕಾಲ ಈ ರಾತ್ರಿ ಅವನದೊಂದು ಪ್ಲೇಟು ಹಾಕದೆ ಮಲಗಿದ್ದನ್ನು ನಾನು ಕಂಡಿಲ್ಲ.

ಅಪ್ಪ ಇಲ್ಲಿಗೆ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್ (ಗುಮಾಸ್ತ) ಆಗಿದ್ದರು. ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆಯುವುದಕ್ಕೆ, ತೋಟದ ದೊರೆ ಕೇಳಿದ್ದಕ್ಕೆ ಉತ್ತರ ಹೇಳುವುದಕ್ಕೆ ಎಷ್ಟು ಬೇಕೋ ಅಷ್ಟೇ ಇಂಗ್ಲಿಷು ಅವರಿಗೆ ಬರುತ್ತಿತ್ತು. ಸಂಜೆ ಆಫೀಸಿನ ಜಗಲಿಯಲ್ಲಿ ಕೂತು ಆಳುಗಳ ಲೆಕ್ಕ ಕೂಡಿಸುವಾಗ ಮೇಲಿನ ಬಂಗಲೆಯ ರೇಡಿಯೋಗ್ರಾಮಿನಿಂದ (ರೇಡಿಯೋ, ಗ್ರಾಮಫೋನು ಎರಡೂ ಇರುವ ಪೆಟ್ಟಿಗೆ) ತೇಲಿಬರುತ್ತಿದ್ದ ಹಾಡುಗಳನ್ನು ಕೇಳಿ ಕೇಳಿ, ಪದ ತಿಳಿಯದಿದ್ದರೂ ಯಾವ ದನಿ ಯಾರದೆಂದು ಗುರುತು ಹಿಡಿಯುವಷ್ಟು ಅವರ ಕಿವಿ ಪಳಗಿತ್ತು. 1971ರಲ್ಲಿ ತೋಟ ಕೈ ಬದಲಾದಾಗ ಆ ರೇಡಿಯೋಗ್ರಾಮನ್ನೂ ಒಂದು ಟ್ರಂಕು ಪ್ಲೇಟುಗಳನ್ನೂ ದೊರೆ ಅಪ್ಪನಿಗೇ ಬಿಟ್ಟುಹೋದರು. ಹಾಗಾಗಿ ಅರವತ್ತರ ದಶಕ ನಮ್ಮ ಮನೆಗೆ ಬಂದದ್ದು ಎಪ್ಪತ್ತರ ದಶಕದಲ್ಲಿ, ಅದೂ ಗಾಡಿಯ ಮೇಲೆ ಹೇರಿಸಿಕೊಂಡು.

ತೊಳೆಯುವ ಕ್ರಮ ಸುಲಭದ್ದೇ. ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಬೆರೆಸಿದ ತಣ್ಣೀರು, ಮೆತ್ತನೆಯ ಹತ್ತಿ. ನಡುವಿನ ಲೇಬಲ್ಲಿಗೆ ನೀರು ತಾಗಬಾರದು, ಕೈ ಯಾವಾಗಲೂ ಗೆರೆಯ ಜಾಡಿನಲ್ಲೇ ಸುತ್ತಬೇಕು, ಅಡ್ಡ ಉಜ್ಜಬಾರದು. ಹತ್ತಾರು ಪ್ಲೇಟು ಸರಾಗವಾಗಿ ಮುಗಿದ ಮೇಲೆ ಒಂದರ ಅಂಚಿನ ಬೂಷ್ಟು ಹಟ ಹಿಡಿದದ್ದರಿಂದ, ಬುದ್ಧಿವಂತಿಕೆ ಮಾಡಲು ಹೋಗಿ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಹತ್ತಿ ಮಸಿಯ ಹಾಗೆ ಕಪ್ಪಾಯಿತು. ಬೂಷ್ಟಲ್ಲ, ಪ್ಲೇಟೇ ಕರಗಿ ಬರುತ್ತಿತ್ತು! ಅದು 78ರ ವೇಗದ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆ ಎಂಬುದನ್ನು ನಾನು ನೋಡಿರಲಿಲ್ಲ. ಆ ತಟ್ಟೆಗಳಿಗೆ ಹಾಕುತ್ತಿದ್ದುದು ಅರಗು, ಬಡಗಿಗಳು ಪಾಲಿಶ್ ಮಾಡಲು ಸ್ಪಿರಿಟ್ಟಿನಲ್ಲಿ ಕರಗಿಸಿಕೊಳ್ಳುವ ಅದೇ ಅರಗು. ಲೇಬಲ್ ಓದಿದಾಗ ಹೊಟ್ಟೆ ಇನ್ನಷ್ಟು ಉರಿಯಿತು: ಇಂಗ್ಲೆಂಡಿನ ನಾಲ್ವರ ತಂಡ ಬೀಟಲ್ಸ್, 'ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್'.

ಬೀಟಲ್ಸ್ ಹಾಡು 78ರಲ್ಲಿ ಹೇಗೆ ಬಂತು ಎಂದು ಇಂಗ್ಲೆಂಡಿನವರೇ ಅಚ್ಚರಿಪಟ್ಟಾರು. ಅಲ್ಲಿ 1960ರ ಹೊತ್ತಿಗೆಲ್ಲ ಅರಗಿನ ತಟ್ಟೆಗಳ ಕಾಲ ಮುಗಿದಿತ್ತು, ಆ ನಾಲ್ವರ ಮೊದಲ ಹಾಡು ಬಿಡುಗಡೆಯಾದದ್ದು 1962ರ ಅಕ್ಟೋಬರಿನಲ್ಲಿ. ನಮ್ಮ ದೇಶದಲ್ಲಿ ವಿದ್ಯುತ್ತಿಲ್ಲದ ಮನೆಗಳು ಲೆಕ್ಕವಿಲ್ಲದಷ್ಟಿದ್ದವು, ಕೀಲಿ ಕೊಡುವ ಗ್ರಾಮಫೋನುಗಳು ಇನ್ನೂ ಓಡುತ್ತಿದ್ದವು. ಆದ್ದರಿಂದ ಕಲ್ಕತ್ತೆಯ ದಮ್‌ದಮ್ ಕಾರ್ಖಾನೆಯಲ್ಲಿ ಗ್ರಾಮಫೋನ್ ಕಂಪನಿ ಈ ಹೊಸ ಹಾಡುಗಳನ್ನೂ ಹಳೆಯ ತಟ್ಟೆಗೇ ಒತ್ತುತ್ತಿತ್ತು. ಈಗ ಪರದೇಶದ ಸಂಗ್ರಾಹಕರು ಅವುಗಳಿಗಾಗಿ ಮುಗಿಬೀಳುತ್ತಾರೆ. ನಮ್ಮ ದೊರೆಯ ಮಕ್ಕಳು ರಜೆಗೆ ಬಂದಾಗ ಹೊಳೆಬದಿಗೆ ಒಯ್ಯುತ್ತಿದ್ದ ಪೆಟ್ಟಿಗೆ ಗ್ರಾಮಫೋನಿಗೆ ತರಿಸಿದ ತಟ್ಟೆ ಇದು. ಅದರ ಒಂದು ಅಂಚನ್ನು ನಾನೇ ಕರಗಿಸಿ ಇಟ್ಟಿದ್ದೇನೆ.

ಅದು ಬಿಟ್ಟರೆ ಆ ತಟ್ಟೆ ಹೊಚ್ಚ ಹೊಸದರಂತಿದೆ. ಟಾರ್ಚ್ ಓರೆಯಾಗಿ ಹಿಡಿದು ನೋಡಿದರೆ, ಕಡಿಮೆ ಓಡಿದ ಪ್ಲೇಟಿನ ಗೆರೆ ಜೀರುಂಡೆಯ ಬೆನ್ನಿನ ಹಾಗೆ ಹೊಳೆಯುತ್ತದೆ. ಮುಳ್ಳು ಸಾವಿರ ಸಲ ಉತ್ತ ಪ್ಲೇಟು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. 1964ರ ಏಪ್ರಿಲ್ 4ರ ವಾರ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಐದೂ ಸ್ಥಾನಗಳಲ್ಲಿ ಬೀಟಲ್ಸ್ ಹಾಡುಗಳೇ ಇದ್ದವು. ಅದಕ್ಕೆ ಎರಡು ತಿಂಗಳ ಹಿಂದೆ, ಫೆಬ್ರವರಿ 9ರಂದು, ಅವರ ಟೆಲಿವಿಷನ್ ಕಾರ್ಯಕ್ರಮವನ್ನು ಅಲ್ಲಿ ಸುಮಾರು 7.3 ಕೋಟಿ ಜನ ನೋಡಿದ್ದರು. ಆ ದಶಕದ ಚರಿತ್ರೆ ಬರೆಯುವವರು ಅಲ್ಲಿಂದಲೇ ಶುರು ಮಾಡುತ್ತಾರೆ, ತಪ್ಪೇನಿಲ್ಲ. ಆದರೆ ಪಟ್ಟಿ ಹೇಳುವುದು ಎಷ್ಟು ಮಾರಿತು, ರೇಡಿಯೋದಲ್ಲಿ ಎಷ್ಟು ಬಂತು ಎಂಬುದನ್ನು; ಕೊಂಡ ಮೇಲೆ ಎಷ್ಟು ಕೇಳಿದರು ಎಂಬುದಕ್ಕೆ ಸಾಕ್ಷಿ ಈ ಬೂದಿ ಬಣ್ಣ. ನಮ್ಮ ಟ್ರಂಕಿನಲ್ಲಿ ಆ ಬಣ್ಣಕ್ಕೆ ತಿರುಗಿದ್ದು ಎರಡೇ ದನಿಗಳ ಪ್ಲೇಟುಗಳು, ಅದರಲ್ಲಿ ಒಂದು ಜಿಮ್ ರೀವ್ಸ್‌ನದು.

ಅವನು ಮೊದಲು ರೇಡಿಯೋ ಉದ್ಘೋಷಕನಾಗಿದ್ದವನು. ಆರಂಭದಲ್ಲಿ ಎಲ್ಲ ಹಳ್ಳಿ ಹಾಡುಗಾರರ ಹಾಗೆ ಗಂಟಲೆತ್ತಿ ಹಾಡುತ್ತಿದ್ದನು. ಆಮೇಲೆ ಶ್ರುತಿ ತಗ್ಗಿಸಿ, ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು, ಮಾತಾಡುವ ದನಿಯಲ್ಲೇ ಹಾಡತೊಡಗಿದನು. ನಿರ್ಮಾಪಕ ಚೆಟ್ ಆಟ್ಕಿನ್ಸ್ ಪಿಟೀಲಿನ ಗೀರು ಗೀರು ನಾದ ತೆಗೆದು ಪಿಯಾನೋ, ಮೆಲುದನಿಯ ಹಿಮ್ಮೇಳ ಇಟ್ಟನು. 'ಹೀಲ್ ಹ್ಯಾವ್ ಟು ಗೋ' 1960ರಲ್ಲಿ ಬಿಲ್‌ಬೋರ್ಡಿನ ಎರಡನೆಯ ಸ್ಥಾನಕ್ಕೆ ಏರಿತು. ಅವನು ತೀರಿಕೊಂಡ ಎರಡು ವರ್ಷದ ಮೇಲೆ, 1966ರಲ್ಲಿ, 'ಡಿಸ್ಟಂಟ್ ಡ್ರಮ್ಸ್' ಇಂಗ್ಲೆಂಡಿನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಸತ್ತವನೊಬ್ಬ ಬೀಟಲ್ಸ್ ನಾಡಿನಲ್ಲೇ ಗೆದ್ದದ್ದು ಅಪ್ಪನಿಗೆ ತಿಳಿದಿದ್ದರೆ ಎಷ್ಟು ಹಿಗ್ಗುತ್ತಿದ್ದರೋ.

'ಹೀಲ್ ಹ್ಯಾವ್ ಟು ಗೋ' ಹಾಡಿನಲ್ಲಿ ಒಬ್ಬನು ಪ್ರಿಯತಮೆಗೆ ಫೋನು ಮಾಡಿ, ಫೋನಿಗೆ ತುಟಿ ಇನ್ನೂ ಹತ್ತಿರ ತಾ ಎಂದು ಪಿಸುಗುಡುತ್ತಾನೆ. ಇಷ್ಟನ್ನು ನಾನು ಕಾಲೇಜಿಗೆ ಹೋಗಿ ಬಂದ ಮೇಲೆ ಅಪ್ಪನಿಗೆ ಬಿಡಿಸಿ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಆ ದೇಶದ ಫೋನು ಒಳ್ಳೆದಿರ್ಬೇಕು ಮಾರಾಯ. ನಾನು ಬಂಗ್ಲೆಯಿಂದ ಮಡಿಕೇರಿಗೆ ಟ್ರಂಕ್ ಕಾಲ್ ಮಾಡಿದ್ರೆ ಆಳುಗಳ ಲೈನ್ ಮನೆಯವರಿಗೆಲ್ಲ ಕೇಳ್ತಿತ್ತು" ಎಂದರು.

ಎರಡನೆಯ ದನಿ ಪಿ.ಬಿ. ಶ್ರೀನಿವಾಸ್ ಅವರದು. 1964ರ 'ನಾಂದಿ' ಚಿತ್ರದ 'ಹಾಡೊಂದ ಹಾಡುವೆ' ಇರುವ ಚಿಕ್ಕ ಪ್ಲೇಟಿನ ಆ ಭಾಗವೊಂದೇ ಸವೆದಿದೆ. ಅದರ ಪಕ್ಕದ ಗೆರೆಗಳು ಕಪ್ಪಗೆ ಹಾಗೇ ಉಳಿದಿವೆ. ಅಂದರೆ ಅಪ್ಪ ಪ್ರತಿಸಲ ಮುಳ್ಳೆತ್ತಿ ನೇರ ಅಲ್ಲಿಗೇ ಇಟ್ಟಿದ್ದಾರೆ. ವಿಜಯಭಾಸ್ಕರ್ ಸಂಗೀತದ ಆ ಜೋಗುಳವನ್ನೂ ರೀವ್ಸ್‌ನ ಫೋನಿನ ಹಾಡನ್ನೂ ಈ ಮಧ್ಯಾಹ್ನ ಒಂದರ ಹಿಂದೊಂದು ಹಾಕಿದಾಗ ಅವರ ಆಯ್ಕೆಯ ಗುಟ್ಟು ಬಯಲಾಯಿತು. ಇಬ್ಬರೂ ಸಭೆಗೆ ಹಾಡುವವರಲ್ಲ, ಎದುರಿಗೆ ಕೂತ ಒಬ್ಬರಿಗೆ ಹಾಡುವವರು. ಇಬ್ಬರಿಗೂ ಮೈಕು ಎಂದರೆ ದನಿಯನ್ನು ದೊಡ್ಡದು ಮಾಡುವ ಯಂತ್ರವಲ್ಲ, ಸಣ್ಣಗೆ ಇಟ್ಟುಕೊಳ್ಳಲು ಸಿಕ್ಕ ಅನುಕೂಲ. ದಿನವಿಡೀ ಹಾಜರಿ ಕೂಗುತ್ತಿದ್ದ ಮನುಷ್ಯನಿಗೆ ಸಂಜೆ ಇಂಥ ದನಿಯೇ ಬೇಕಾಗಿದ್ದಿರಬೇಕು. 'ಬೆಳ್ಳಿಮೋಡ'ದ ಪ್ಲೇಟೂ ಇದೆ, ಜಾನಕಿಯವರು ಹಾಡಿದ ಬೇಂದ್ರೆಯವರ 'ಮೂಡಲ ಮನೆಯ' ಇರುವುದು. ಅದು ಅಮ್ಮನ ಪಾಲಿನದು.

ಉಳಿದವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಗ್ಲೆಂಡಿನ ಗಾಯಕ ಕ್ಲಿಫ್ ರಿಚರ್ಡ್‌ನ 'ದ ಯಂಗ್ ಒನ್ಸ್', 1962ರ ಜನವರಿಯಲ್ಲಿ ಅಂಗಡಿಗೆ ಬರುವ ಮುಂಚೆಯೇ ಐದು ಲಕ್ಷಕ್ಕೂ ಮೀರಿ ಬೇಡಿಕೆ ಪಡೆದದ್ದು. ಆತ ಹುಟ್ಟಿದ್ದು ಲಖನೌದಲ್ಲಿ. ಎಂಗೆಲ್‌ಬರ್ಟ್ ಹಂಪರ್‌ಡಿಂಕ್ ಮದ್ರಾಸಿನಲ್ಲಿ ಹುಟ್ಟಿದವನು. 1967ರಲ್ಲಿ ಅವನ 'ರಿಲೀಸ್ ಮಿ' ಇಂಗ್ಲೆಂಡಿನ ಪಟ್ಟಿಯಲ್ಲಿ ಬೀಟಲ್ಸ್‌ನ 'ಪೆನ್ನಿ ಲೇನ್' ಪ್ಲೇಟನ್ನು ಎರಡನೆಯ ಸ್ಥಾನದಲ್ಲೇ ತಡೆದು ನಿಲ್ಲಿಸಿತು. ನನಗೆ ಇವೆರಡೂ ಅಷ್ಟಕ್ಕಷ್ಟೇ. ಹದಿನಾರರ ನನ್ನನ್ನು ಹಿಡಿದದ್ದು ದ ಶ್ಯಾಡೋಸ್ ತಂಡದ 'ಅಪಾಚೆ', 1960ರದು, ಮಾತೇ ಇಲ್ಲದ ಗಿಟಾರು. ಅಪ್ಪನಿಗೆ ಅದು ಕೇಳಿಸಿದರೆ, "ಹಾಡುವವ ಯಾವಾಗ ಬರ್ತಾನೆ?" ಎಂದು ಕೇಳುತ್ತಿದ್ದರು.

ಅರವತ್ತರ ದಶಕದಲ್ಲೇ ಬೆಂಗಳೂರಿನಲ್ಲಿ ಕೊಡವ ಮನೆತನದ ಬಿದ್ದು ಅಪ್ಪಯ್ಯ ಗೆಳೆಯರ ಜೊತೆ ಟ್ರೋಜನ್ಸ್ ಎಂಬ ತಂಡ ಕಟ್ಟಿ ಇಂಥವೇ ಹಾಡುಗಳನ್ನು ಹಾಡುತ್ತಿದ್ದರು. 1967ರಲ್ಲಿ ಇಂಗ್ಲೆಂಡಿಗೆ ಹೊರಟುಹೋದ ಅವರೇ ಏಳು ವರ್ಷದ ಮೇಲೆ, ಪ್ಲೇಟಿನ ಹಿಂಬದಿಗೆಂದು ಅವಸರದಲ್ಲಿ ಧ್ವನಿಮುದ್ರಿಸಿದ 'ಕುಂಗ್ ಫು ಫೈಟಿಂಗ್' ಹಾಡನ್ನು ಇಂಗ್ಲೆಂಡ್, ಅಮೆರಿಕ ಎರಡೂ ದೇಶಗಳ ಪಟ್ಟಿಯ ತುದಿಗೆ ಏರಿಸಿದರು. ಈ ಮಾತು ಬಂದಾಗಲೆಲ್ಲ ನಮ್ಮ ಜಿಲ್ಲೆಯವರು ಸ್ವಲ್ಪ ಎದೆಯುಬ್ಬಿಸುತ್ತೇವೆ, ನಾನೂ ಉಬ್ಬಿಸಿದ್ದೇನೆ.

ಸಂಜೆ ಆರೂವರೆಗೆ ಕರೆಂಟು ಹೋಯಿತು. 'ಡಿಸ್ಟಂಟ್ ಡ್ರಮ್ಸ್' ಅರ್ಧಕ್ಕೆ ನಿಂತಿತು. ಹಳೆಯ ರೇಡಿಯೋಗ್ರಾಮಿನಲ್ಲಾಗಿದ್ದರೆ ವಾಲ್ವುಗಳು ಆರುವ ತನಕ ದನಿ ಕ್ಷಣಕಾಲ ಬಾವಿಗಿಳಿದಂತೆ ಇಳಿಯುತ್ತಿತ್ತು. ಈಗಿನ ಯಂತ್ರ ತಟಕ್ಕನೆ ಬಾಯಿ ಮುಚ್ಚುತ್ತದೆ. ಈ ಹವೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಪ್ಲೇಟು ಹೇಗೆ ಒಣಗೀತು? ಒಲೆಯ ಹತ್ತಿರ ಇಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತವೆ. ಬೇರೆ ಜಾಗ ತೋಚದೆ ಅಡುಗೆಮನೆಯ ಪಾತ್ರೆ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದ್ದೆ.

ಊಟದ ಹೊತ್ತಿಗೆ ಇವಳು ಮೇಣದಬತ್ತಿ ಹಿಡಿದು ಅಲ್ಲಿ ನಿಂತು, "ಇದ್ರಲ್ಲಿ ಉಣ್ಣೋ ತಟ್ಟೆ ಯಾವ್ದು, ಹಾಡೋ ತಟ್ಟೆ ಯಾವ್ದು ರೀ?" ಎಂದು ಕೇಳಿದಳು. ಕೊನೆಗೆ ಶ್ರೀನಿವಾಸ್ ಅವರಿಗೂ ಜಿಮ್ ರೀವ್ಸ್‌ಗೂ ನಡುವೆ ಸಿಕ್ಕಿಕೊಂಡಿದ್ದ ಸ್ಟೀಲ್ ತಟ್ಟೆಯನ್ನು ಮೆಲ್ಲಗೆ ಎಳೆದು, ಒರೆಸಿ, ನನ್ನ ಮುಂದೆ ಇಟ್ಟಳು.