ಹಲ್ಲು ಕಡಿಮೆ ಇದ್ದರೆ ಕಣ್ಣೂ ತೋರಿಸಿ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಮಕ್ಕಳ ಹಲ್ಲಿನಲ್ಲಿ ಏನೇ ಐಬು ಕಂಡರೂ ದೂರು ಬೋರ್‌ವೆಲ್ ನೀರಿನ ಮೇಲೆ. ಸುಳ್ಳೇನಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ನೀರು ಕುಡಿದು ಬೆಳೆದರೆ ಹಲ್ಲಿನ ಮೇಲೆ ಸುಣ್ಣದ ಬಣ್ಣದ ಮಚ್ಚೆ, ಕಂದು ಗೆರೆ, ಗುಳಿ ಬೀಳುತ್ತವೆ. ಆದರೆ ಹಲ್ಲು ಹುಟ್ಟದೇ ಇರುವುದು ಫ್ಲೋರೈಡ್‌ನ ಕೆಲಸವಲ್ಲ. ಒಂಬತ್ತು ದಾಟಿದರೂ ಮೇಲಿನ ಮುಂದಿನ ಹಲ್ಲು ಬರಲಿಲ್ಲ, ಬಂದದ್ದು ಗೂಟದಂತೆ ಚೂಪಾಗಿದೆ ಎಂದರೆ ಮಗುವಿನ ಕಣ್ಣನ್ನು ಬೆಳಕಿನಲ್ಲಿ ನೋಡಿ. ಪಾಪೆ ನಡುವೆ ಇರದೆ ಪಕ್ಕಕ್ಕೆ ಎಳೆದಂತಿದೆಯೇ? ಒಂದರ ಬದಲು ಎರಡು ತೂತು ಇವೆಯೇ? ಹಾಗಿದ್ದರೆ ಆಕ್ಸನ್‌ಫೆಲ್ಡ್-ರೀಗರ್ ಸಿಂಡ್ರೋಮ್ ಅನುಮಾನಿಸಬೇಕು. ಸುಮಾರು ಎರಡು ಲಕ್ಷದಲ್ಲಿ ಒಬ್ಬರಿಗೆ ಬರುವ, ಹುಟ್ಟಿನಿಂದಲೇ ಇರುವ ತೊಂದರೆ ಇದು.

ಮೂರನೆಯ ಗುರುತು ಹೊಕ್ಕುಳಲ್ಲಿದೆ. ಸುತ್ತ ಹೆಚ್ಚುವರಿ ಚರ್ಮ ಉಬ್ಬಿರುತ್ತದೆ. ಇದನ್ನು ಹರ್ನಿಯಾ ಎಂದುಕೊಂಡು ಬೇಡದ ಆಪರೇಷನ್ ಮಾಡಿದ್ದೂ ಉಂಟು.

ಹೆಚ್ಚಾಗಿ ಕಾರಣ ಪಿಟ್‌ಎಕ್ಸ್2 (PITX2) ಅಥವಾ ಫಾಕ್ಸ್‌ಸಿ1 (FOXC1) ಜೀನ್‌ನ ದೋಷ. ಹಲ್ಲು, ಹೊಕ್ಕುಳ ಕೆಟ್ಟಿದ್ದರೆ ಮೊದಲನೆಯದು, ಹೃದಯ, ಕಿವಿ ತೊಂದರೆ ಇದ್ದರೆ ಎರಡನೆಯದು ಎಂಬುದು ಸ್ಥೂಲ ಲೆಕ್ಕ. ಸೋದರಮಾವನ ಜೊತೆ ಮದುವೆಯಾದದ್ದಕ್ಕೇ ಹೀಗಾಯಿತು ಎಂದು ತಾಯಿಯನ್ನು ಆಡಿಕೊಳ್ಳುವವರಿಗೆ ಒಂದು ಮಾತು: ಇದು ಬರಲು ಒಂದು ಕಡೆಯ ಜೀನ್ ಕೆಟ್ಟರೆ ಸಾಕು, ರಕ್ತಸಂಬಂಧ ಬೇಕಿಲ್ಲ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಇಬ್ಬರಿಗೂ ಇಲ್ಲದೆ ಹೊಸದಾಗಿಯೂ ಬರಬಹುದು.

ಹಲ್ಲು ನೋವಿಲ್ಲದೆ ಕಾಯುತ್ತದೆ, ಕಣ್ಣು ಕಾಯುವುದಿಲ್ಲ. ಕಣ್ಣೊಳಗಿನ ನೀರು ಹರಿದುಹೋಗುವ ದಾರಿ ಸರಿಯಾಗಿ ಬೆಳೆದಿರುವುದಿಲ್ಲವಾದ್ದರಿಂದ ಸುಮಾರು ಅರ್ಧದಷ್ಟು ಜನರಿಗೆ ಗ್ಲಾಕೋಮಾ, ಅಂದರೆ ಕಣ್ಣೊಳಗಿನ ಒತ್ತಡ ಏರಿ ಕಣ್ಣಿನ ನರ ಕೆಡುವ ರೋಗ, ಬರುತ್ತದೆ. ಕೂಸಾದರೆ ಕಣ್ಣೀರು ಸುರಿಯುತ್ತದೆ, ಬೆಳಕಿಗೆ ಮುಖ ಮುಚ್ಚುತ್ತದೆ, ಕಣ್ಣು ದೊಡ್ಡದಾಗುತ್ತದೆ. ದೊಡ್ಡ ಮಕ್ಕಳಲ್ಲಿ ಏನೂ ಗೊತ್ತಾಗುವುದಿಲ್ಲ, ಪಕ್ಕದ ನೋಟ ಸದ್ದಿಲ್ಲದೆ ಹೋಗುತ್ತದೆ. ಹಾಗಾಗಿ ದೃಷ್ಟಿ ಚೆನ್ನಾಗಿದೆ ಎಂದು ಸುಮ್ಮನಿರದೆ ಕನಿಷ್ಠ ವರ್ಷಕ್ಕೊಮ್ಮೆ, ಸಾಧ್ಯವಾದರೆ ಆರು ತಿಂಗಳಿಗೊಮ್ಮೆ ಕಣ್ಣೊಳಗಿನ ಒತ್ತಡ (ಸಾಮಾನ್ಯವಾಗಿ 10ರಿಂದ 21 mmHg), ಕಣ್ಣಿನ ನರ ಎರಡನ್ನೂ ನೋಡಿಸಬೇಕು. ಬರೀ ಚಷ್ಮಾ ನಂಬರ್ ತೆಗೆಸಿಕೊಂಡು ಬಂದರೆ ಪರೀಕ್ಷೆ ಆದಂತಲ್ಲ.

ಒತ್ತಡ ಇಳಿಸಲು ಡಾಕ್ಟರು ಡ್ರಾಪ್ಸ್ ಕೊಟ್ಟರೆ ಒಂದೇ ಹನಿ ಹಾಕಿ, ಕಣ್ಣಿನ ಒಳಮೂಲೆಯನ್ನು ಮೂಗಿನ ಕಡೆ ಎರಡು ನಿಮಿಷ ಒತ್ತಿ ಹಿಡಿಯಿರಿ. ಇಲ್ಲದಿದ್ದರೆ ಔಷಧಿ ಮೂಗಿಗಿಳಿದು ರಕ್ತ ಸೇರುತ್ತದೆ. ಟಿಮೊಲಾಲ್ ಆದರೆ ಮಗುವಿನ ಉಸಿರು, ಎದೆಬಡಿತದ ಮೇಲೆ ಪರಿಣಾಮ. ಉಬ್ಬಸ ಇದ್ದರೆ ಮೊದಲೇ ಹೇಳಿ. ಎರಡು ಔಷಧಿಗಳ ನಡುವೆ ಐದು ನಿಮಿಷ ಬಿಡಿ. ಲ್ಯಾಟನೊಪ್ರಾಸ್ಟ್ ಸೀಸೆ ನಮ್ಮ ಬೇಸಿಗೆಯಲ್ಲಿ ಕಿಟಕಿ ಪಕ್ಕ ಇಡುವಂಥದ್ದಲ್ಲ, ಫ್ರಿಡ್ಜ್‌ನಲ್ಲಿರಲಿ. ಬ್ರಿಮೊನಿಡಿನ್ ಎರಡು ವರ್ಷದೊಳಗಿನವರಿಗೆ ಕೂಡದು, ಉಸಿರಾಟವೇ ನಿಲ್ಲಬಹುದು. ಮೆಡಿಕಲ್ ಶಾಪ್‌ನವರು ಕಣ್ಣು ಕೆಂಪಾಯಿತೆಂದು ಕೊಡುವ ಸ್ಟೆರಾಯ್ಡ್ ಡ್ರಾಪ್ಸ್ ಒತ್ತಡ ಏರಿಸುತ್ತದೆ. ಡ್ರಾಪ್ಸ್‌ಗೆ ಬಗ್ಗದಿದ್ದರೆ ಆಪರೇಷನ್.

ಹಲ್ಲಿಗೆ ಆರೇಳು ವರ್ಷಕ್ಕೆ ಒಂದು ಓಪಿಜಿ (ಇಡೀ ದವಡೆಯ) ಎಕ್ಸ್‌ರೇ ತೆಗೆಸಿದರೆ ದವಡೆಯೊಳಗೆ ಎಷ್ಟು ಮೊಗ್ಗು ಇವೆ, ಎಷ್ಟು ಇಲ್ಲ ಎಂಬುದು ತಿಳಿಯುತ್ತದೆ. ಅದಕ್ಕೆ ಮೊದಲು ಹಾಲುಹಲ್ಲು ಕೀಳಿಸಬೇಡಿ, ಅದರ ಕೆಳಗೆ ಬೇರೆ ಹಲ್ಲೇ ಇರದಿರಬಹುದು. ಬೆಳೆಯುವ ವಯಸ್ಸಿನಲ್ಲಿ ತೆಗೆದು ಮತ್ತೆ ಹಾಕಿಕೊಳ್ಳುವಂಥ ಹಲ್ಲಿನ ಸೆಟ್ಟು, ದವಡೆ ಬೆಳೆದಂತೆ ಹೊಸದು. ದವಡೆಯ ಮೂಳೆಗೆ ಕೂರಿಸುವ ಇಂಪ್ಲಾಂಟ್ ಹಲ್ಲು, ದವಡೆಯ ಬೆಳವಣಿಗೆ ನಿಂತ ಮೇಲೆ, ಅಂದರೆ ಸುಮಾರು 18ರ ನಂತರ. ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜಿದೆ. ಅಂಗನವಾಡಿ, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡಕ್ಕೆ ಹಲ್ಲು, ಕಣ್ಣು ಎರಡನ್ನೂ ಒಟ್ಟಿಗೆ ತೋರಿಸಿ, ಜಿಲ್ಲಾ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ. ಹೋಗುವಾಗ ಒಡಹುಟ್ಟಿದವರನ್ನೂ ಕರೆದೊಯ್ಯಿರಿ.