ಏಳೂವರೆಯ ಬಸ್ಸು ತಿರುಗುವ ಜಾಗ

ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕರೆ ಸ್ವೀಕರಿಸುವುದು ನನ್ನ ಕೆಲಸ. ಮಳೆಗಾಲದ ಒಂದು ರಾತ್ರಿ ಮಲೆನಾಡಿನ ಕಾಫಿ ತೋಟದಿಂದ ಕರೆ ಬಂತು. ಕರೆ ಮಾಡಿದವರ ಹೆಂಡತಿಗೆ ಹೆರಿಗೆ ನೋವು. ಕಂಪ್ಯೂಟರಿನ ಪರದೆ ಕೇಳುವುದನ್ನೇ ನಾನೂ ಕೇಳುತ್ತಾ ಹೋದೆ: ಗ್ರಾಮ ಯಾವುದು, ಪಂಚಾಯಿತಿ ಯಾವುದು, ಅಡ್ಡರಸ್ತೆ ಯಾವುದು. ಕೆಲಸಕ್ಕೆಂದು ಹೊಸದಾಗಿ ಬಂದಿದ್ದ ಅವರಿಗೆ ಒಂದೂ ಗೊತ್ತಿರಲಿಲ್ಲ. ಹೀಗೆ ನಾಲ್ಕು ನಿಮಿಷ ಕಳೆದೆ. ಆ ನಾಲ್ಕು ನಿಮಿಷ ಪೂರ್ತಿ ನನ್ನದೇ ತಪ್ಪು.

ಕೊನೆಗೆ, "ಅಣ್ಣಾ, ನೀವು ಸಂತೆಗೆ ಹೇಗೆ ಹೋಗುತ್ತೀರಿ?" ಎಂದೆ.

"ಬೆಳಿಗ್ಗೆ ಏಳೂವರೆಯ ಬಸ್ಸಿಗೆ. ಅದು ತಿರುಗುವ ಜಾಗದಿಂದ ಕೆಳಗೆ ಇಳಿದರೆ ನಮ್ಮ ಲೈನ್ ಮನೆ."

ಆಂಬುಲೆನ್ಸ್ ಚಾಲಕ ಹಿಂದೆ ಅದೇ ದಾರಿಯ ಖಾಸಗಿ ಬಸ್ಸಿನಲ್ಲಿ ಕ್ಲೀನರ್ ಆಗಿದ್ದವರು. "ಗೊತ್ತಾಯಿತು, ಬಿಡಿ" ಎಂದು ಹೊರಟೇಬಿಟ್ಟರು.

ಕೆಲವು ತಿಂಗಳ ನಂತರ 1988ರ 'ಬ್ಯಾಟ್ 21' ಸಿನಿಮಾ ನೋಡುವಾಗ ಈ ಕರೆ ನೆನಪಾಯಿತು. ಅದರ ಹಿಂದಿರುವುದು ನಿಜ ಘಟನೆ. 1972ರ ಏಪ್ರಿಲ್ 2ರಂದು ವಿಯೆಟ್ನಾಮಿನಲ್ಲಿ ಅಮೆರಿಕದ ಇಬಿ-66 ವಿಮಾನವನ್ನು ಕ್ಷಿಪಣಿ ಹೊಡೆದುರುಳಿಸಿತು. ಒಳಗಿದ್ದ ಆರು ಮಂದಿಯಲ್ಲಿ ಬದುಕುಳಿದವನು 53 ವರ್ಷದ ನ್ಯಾವಿಗೇಟರ್ ಐಸೀಲ್ ಹ್ಯಾಂಬಲ್ಟನ್ ಒಬ್ಬನೇ. ಸುತ್ತ ಶತ್ರುಸೇನೆ. ರೇಡಿಯೊ ಇತ್ತು, ಆದರೆ ಅದರಲ್ಲಿ ಆಡಿದ್ದು ಶತ್ರುವಿನ ಕಿವಿಗೂ ಬೀಳುತ್ತಿತ್ತು. ಹ್ಯಾಂಬಲ್ಟನ್‌ಗೆ ಗಾಲ್ಫ್ ಹುಚ್ಚು. ತಾನು ಆಡಿದ ಮೈದಾನಗಳ ಯಾವ ಹೋಲ್ (ಚೆಂಡನ್ನು ಹೊಡೆಯುತ್ತಾ ಕುಳಿ ಮುಟ್ಟಿಸುವ ಹಾದಿ) ಯಾವ ದಿಕ್ಕಿಗಿದೆ, ಎಷ್ಟು ಗಜ ಉದ್ದ ಎಂಬುದೆಲ್ಲ ಬಾಯಿಪಾಠ. ವಾಯುಪಡೆಯವರು ಅದನ್ನೇ ಸಂಕೇತಭಾಷೆ ಮಾಡಿಕೊಂಡರು. ಇಂಥ ಮೈದಾನದ ಇಂಥ ಹೋಲ್ ಎಂದರೆ, ಅವನು ಕತ್ತಲಲ್ಲಿ ಆ ದಿಕ್ಕಿಗೆ ಅಷ್ಟು ದೂರ ನಡೆಯುತ್ತಿದ್ದ. ಹಾಗೆಯೇ ನದಿ ಸೇರಿದ. ನಮ್ಮ ಏಳೂವರೆಯ ಬಸ್ಸಿನಂತೆಯೇ, ಅವನ ತಲೆಯೊಳಗೆ ಮೊದಲೇ ಇದ್ದ ನಕ್ಷೆ ಅದು.

ಈಗ ಹೊಸಬರಿಗೆ ತರಬೇತಿ ಕೊಡುವಾಗ ನಾನು ಮೊದಲು ಹೇಳುವುದು ಈ ಗಾಲ್ಫ್ ಕಥೆಯನ್ನೇ. ಆಮೇಲೆ ಆ ಸಿನಿಮಾದ ಮೇಲಿನ ನನ್ನ ಸಿಟ್ಟನ್ನೂ ಹೇಳುತ್ತೇನೆ. ಅದರಲ್ಲಿ ಡ್ಯಾನಿ ಗ್ಲೋವರ್ ಆಕಾಶದಿಂದ ರೇಡಿಯೊದಲ್ಲಿ ಧೈರ್ಯ ತುಂಬುವ ಪೈಲಟ್. ಹೆಡ್‌ಫೋನ್ ಹಾಕಿಕೊಂಡು ಕೂರುವ ನಮ್ಮಂಥವರಿಗೆ ಆ ಪಾತ್ರ ಬಲು ಇಷ್ಟವಾಗುತ್ತದೆ, ಸಹಜ. ನಿಜದಲ್ಲಿ ಹ್ಯಾಂಬಲ್ಟನ್‌ನನ್ನು ಕರೆತಂದವರು ಬೆಸ್ತರ ವೇಷದಲ್ಲಿ ರಾತ್ರಿ ದೋಣಿ ನಡೆಸಿದ ಇಬ್ಬರು: ಅಮೆರಿಕದ ನೌಕಾಪಡೆಯ ಥಾಮಸ್ ನಾರಿಸ್ ಮತ್ತು ದಕ್ಷಿಣ ವಿಯೆಟ್ನಾಮಿನ ಕಮಾಂಡೊ ನುಯೆನ್ ವಾನ್ ಕಿಯೆಟ್. ನಾರಿಸ್‌ಗೆ ಮೆಡಲ್ ಆಫ್ ಆನರ್, ಕಿಯೆಟ್‌ಗೆ ನೇವಿ ಕ್ರಾಸ್ ಸಿಕ್ಕಿತು. ಸಿನಿಮಾದಲ್ಲಿ ಇಬ್ಬರೂ ಇಲ್ಲ.

ಆ ರಾತ್ರಿ ಹೆಣ್ಣು ಮಗು ಹುಟ್ಟಿತು. ತಿಂಗಳ ವರದಿಯಲ್ಲಿ ಕರೆ ನಿಭಾಯಿಸಿದ್ದಕ್ಕೆ ನನ್ನ ಹೆಸರು ಹಾಕಿ ಮೆಚ್ಚುಗೆ ಬರೆದಿದ್ದರು. ಚಾಲಕನ ಹೆಸರಿರಬೇಕಾದಲ್ಲಿ ವಾಹನದ ಸಂಖ್ಯೆ ಮಾತ್ರ ಇತ್ತು.